ಪೆಲ್ಟನ್ನಿನ ಸಭ್ಯ ಸಭೆಯೂ ವಿನ್ನಿ ಕೋಬ್ಲಿಯ ನಾಲಿಗೆಯೂ

ವರ್ಮಾಂಟ್ ರಾಜ್ಯದ ಉತ್ತರದ ಅಂಚಿನಲ್ಲಿರುವ ಪೆಲ್ಟನ್ ಊರಿನವರು ಬಹಳ ಸಭ್ಯರು. ಎಷ್ಟು ಸಭ್ಯರೆಂದರೆ, ನಿಮ್ಮ ಮನೆಗೆ ಬೆಂಕಿ ಬಿದ್ದರೆ ಮೊದಲು ಬಾಗಿಲು ತಟ್ಟುತ್ತಾರೆ, ಊಟದ ಹೊತ್ತಿಗೆ ಬಂದು ತೊಂದರೆ ಕೊಟ್ಟೆವೇನೋ ಎಂದು ಕೇಳುತ್ತಾರೆ, ಈ ಸಲದ ಚಳಿ ಹೇಗಿದೆ ಎಂದು ವಿಚಾರಿಸುತ್ತಾರೆ, ಆಮೇಲೆ ವಿಷಯಕ್ಕೆ ಬರುತ್ತಾರೆ. ಅಂಥ ಊರಿನಲ್ಲಿ ವಿನ್ನಿ ಕೋಬ್ಲಿಯಂಥವಳು ಹುಟ್ಟಿದ್ದು ಹೇಗೆಂದು ಊರಿಗೇ ತಿಳಿಯದು. ಅವಳ ತಾಯಿ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದ ಮೆತ್ತನೆಯ ಹೆಂಗಸು. ತಂದೆ ಬದುಕಿನಲ್ಲಿ ಒಟ್ಟು ಒಂದಿಪ್ಪತ್ತು ವಾಕ್ಯ ಆಡಿದ್ದರೆ ಹೆಚ್ಚು. ಅವರಿಬ್ಬರೂ ಆಡದೆ ಉಳಿಸಿಟ್ಟ ಮಾತೆಲ್ಲ ಪಿತ್ರಾರ್ಜಿತ ಆಸ್ತಿಯಂತೆ ಮಗಳಿಗೆ ಬಂದಿತ್ತು ಎಂದು ತಿಳಿದವರು ಹೇಳುತ್ತಿದ್ದರು.

ವಿನ್ನಿ ಹಸು ಸಾಕುವವಳು. ಕಂದು ಬಣ್ಣದ ಜೆರ್ಸಿ ಹಸುಗಳು, ಗುಡ್ಡದ ಇಳಿಜಾರಿನಲ್ಲಿ ಕೆಂಪು ಕೊಟ್ಟಿಗೆ, ಅದರ ಪಕ್ಕದಲ್ಲಿ ಕೊಟ್ಟಿಗೆಗಿಂತ ಚಿಕ್ಕ ಮನೆ. ಗಂಡ ರೋಲಂಡ್ ಒಂದು ಬೆಳಗ್ಗೆ ಹಾಲು ಕರೆಯುತ್ತಿರುವಾಗಲೇ ಕುಸಿದು ತೀರಿಕೊಂಡ. ಊರಿನ ಹೆಂಗಸರು ಸಂತಾಪ ಸೂಚಿಸಿ ಬೇಯಿಸಿದ ತಿಂಡಿ ತಂದರು. ಊರಿನ ಗಂಡಸರು ಸಂತಾಪ ಸೂಚಿಸಿ ಹುಲ್ಲುಗಾವಲನ್ನು ಮಾರುವ ಯೋಚನೆ ಇದೆಯೇ ಎಂದು ಕೇಳಿದರು. ವಿನ್ನಿ ತಿಂಡಿ ಇಟ್ಟುಕೊಂಡು ಗಂಡಸರನ್ನು ಅಟ್ಟಿದಳು.

ಅವಳ ಬದುಕಿನಲ್ಲಿ ಹಸುವಿನಷ್ಟೇ ದೊಡ್ಡ ಸ್ಥಾನ ಊರಿನ ವಾರ್ಷಿಕ ಸಭೆಗೆ. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ಶಾಲೆಯ ಆಟದ ಸಭಾಂಗಣದಲ್ಲಿ ಇಡೀ ಊರು ಸೇರಿ, ರಸ್ತೆಗೆ ಜಲ್ಲಿ ಹಾಕುವುದರಿಂದ ಹಿಡಿದು ಲೋಕಶಾಂತಿಯವರೆಗೆ ಎಲ್ಲವನ್ನೂ ‘ಹೌದು’, ‘ಇಲ್ಲ’ ಎಂದು ಕೂಗಿ ತೀರ್ಮಾನಿಸುತ್ತದೆ. ಇದೇ ನಿಜವಾದ ಪ್ರಜಾಪ್ರಭುತ್ವ ಎಂದು ಪೆಲ್ಟನ್ನಿನವರ ನಂಬಿಕೆ. ಈ ಸಭೆಗೆ ಒಂದು ಕಟ್ಟಳೆ ಇದೆ. ಯಾರೂ ಯಾರೊಂದಿಗೂ ನೇರವಾಗಿ ಮಾತಾಡುವಂತಿಲ್ಲ. ಏನೇ ಇದ್ದರೂ ಮುಂದೆ ಮರದ ಸುತ್ತಿಗೆ ಹಿಡಿದು ಕೂತ ಸಭಾಪತಿಗೇ ಹೇಳಬೇಕು. ಪಕ್ಕದ ಕುರ್ಚಿಯವನು ನಿಮ್ಮ ಕಾಲು ತುಳಿದರೆ, ‘ಸಭಾಪತಿಗಳೇ, ನನ್ನ ಕಾಲಿನ ಮೇಲೆ ಒಂದು ಕಾಲಿದೆ’ ಎನ್ನಬೇಕು. ಯಾರ ಕಾಲು ಎಂದು ಹೆಸರು ಹೇಳಿದರೆ ಅದು ವೈಯಕ್ತಿಕ ನಿಂದೆ.

ವಿನ್ನಿಗೆ ಹೆಸರು ಹೇಳದೆ ಮಾತಾಡುವುದು ಉಪ್ಪಿಲ್ಲದೆ ಉಂಡಂತೆ. ಹರೆಯದಲ್ಲೇ ಒಮ್ಮೆ ರಸ್ತೆಯ ಉಸ್ತುವಾರಿಯವನ ಹೆಸರು ಹಿಡಿದು, ಊರಿನ ರಸ್ತೆಯಲ್ಲಿರುವ ಗುಂಡಿಗಳಲ್ಲೆಲ್ಲ ಅತಿ ದೊಡ್ಡದಕ್ಕೆ ಎರಡು ಕಾಲಿವೆ ಎಂದು ಹೇಳಿ ಹೊರಗೆ ಹಾಕಿಸಿಕೊಂಡಿದ್ದಳು. ಆಮೇಲೂ ಎಷ್ಟೋ ಸಲ ಹಾಗೆಯೇ ಆಯಿತು. ಹೊರಗೆ ಹಾಕುವುದೆಂದರೂ ಕುತ್ತಿಗೆ ಹಿಡಿದಲ್ಲ. ಯಾರೋ ಒಬ್ಬರು ಬಂದು ಅವಳ ಕೋಟನ್ನು ತೋಳಿಗೆ ತೊಡಿಸಿ ಬಾಗಿಲು ತೆರೆದು ಹಿಡಿಯುತ್ತಿದ್ದರು. ಹೊರಗೆ ಜಾರುತ್ತದೆ, ನೋಡಿಕೊಂಡು ಹೋಗಿ ಎಂದೂ ಹೇಳುತ್ತಿದ್ದರು.

ಬಹಳ ಕಾಲದಿಂದ ಆ ಸುತ್ತಿಗೆ ಹಿಡಿದಿದ್ದವನು ಅವಳ ಅಣ್ಣನೇ, ಎಲ್ವಿನ್ ಥ್ರಾಶರ್. ವೃತ್ತಿಯಿಂದ ದಂತವೈದ್ಯ. ವರ್ಷವಿಡೀ ಊರಿನವರ ಬಾಯಿ ತೆರೆಸಿ ಹೊಟ್ಟೆ ಹೊರೆದುಕೊಂಡವನು, ಒಂದು ದಿನ ಅವೇ ಬಾಯಿಗಳನ್ನು ಮುಚ್ಚಿಸಿ ಕೀರ್ತಿ ಸಂಪಾದಿಸುತ್ತಿದ್ದ. ಯಾವ ವಿಷಯದಲ್ಲೂ ಅವನ ಅಭಿಪ್ರಾಯ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅದಕ್ಕೇ ಅವಳು ಫ್ಲಾರಿಡಾದಲ್ಲಿರುವ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ ಎಂದು ವಿನ್ನಿಯ ಅಂಬೋಣ. ಹೋದ ಶರತ್ಕಾಲದಲ್ಲಿ ಎಲ್ವಿನ್ ಕ್ಲಿನಿಕ್ ಮುಚ್ಚಿ ನಿವೃತ್ತನಾದ. ಸುತ್ತಿಗೆಯನ್ನು ಮಾತ್ರ ಬಿಡಲಿಲ್ಲ.

ಇನ್ನು ಅನ್ಸೆಲ್ಮೊ. ರೋಲಂಡ್ ಸತ್ತ ಮೇಲೆ ಹಾಲು ಕರೆಯಲು ಊರಿನ ಎಷ್ಟೋ ಹುಡುಗರು ಬಂದರು. ಒಬ್ಬನಿಗೆ ಬೆಳಗಿನ ಜಾವ ಏಳುವುದು ಆಗಿಬರಲಿಲ್ಲ, ಇನ್ನೊಬ್ಬನಿಗೆ ಸಗಣಿಯ ವಾಸನೆ ಆಗಿಬರಲಿಲ್ಲ, ಮತ್ತೊಬ್ಬನಿಗೆ ಹಸುವೇ ಆಗಿಬರಲಿಲ್ಲ. ಕೊನೆಗೆ ಮೆಕ್ಸಿಕೋದ ತೆಂಕಣ ತುದಿಯಿಂದ ಅನ್ಸೆಲ್ಮೊ ಬಂದ. ಈ ದೇಶದಲ್ಲಿ ಇರಲು ಬೇಕಾದ ಕಾಗದಪತ್ರ ಅವನ ಬಳಿ ಇರಲಿಲ್ಲ. ಹಸುಗಳು ಕೇಳಲೂ ಇಲ್ಲ. ಹತ್ತು ವರ್ಷಕ್ಕೂ ಮೀರಿ ಅವನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಇದ್ದಾನೆ. ಊರಿಗೆಲ್ಲ ಅವನು ಗೊತ್ತು. ಯಾರದ್ದಾದರೂ ಹಸು ಕರು ಹಾಕಲಾರದೆ ಒದ್ದಾಡಿದರೆ, ಯಾರದ್ದಾದರೂ ಮಾಡಿನ ಮೇಲೆ ಹಿಮ ಕಟ್ಟಿ ಮರ ಕಿರುಗುಟ್ಟಿದರೆ, ವಿನ್ನಿಯ ಮನೆಗೆ ಫೋನು ಬರುತ್ತದೆ. ಫೋನು ಮಾಡಿದವರೂ ಅವನ ಹೆಸರು ಹೇಳುವುದಿಲ್ಲ. ‘ನಿಮ್ಮಲ್ಲಿ ಇದ್ದಾನಲ್ಲ, ಅವನು’ ಎನ್ನುತ್ತಾರೆ.

ಆ ಚಳಿಗಾಲದಲ್ಲಿ ದೇಶವೆಲ್ಲ ವಲಸೆಯ ಮಾತಿನಿಂದ ಕೆಂಡವಾಗಿತ್ತು. ಟೀವಿಯಲ್ಲಿ ಎರಡೂ ಪಕ್ಷದವರು ಒಬ್ಬರ ಮುಖದ ಮೇಲೊಬ್ಬರು ಅರಚಿ, ಕೊನೆಗೆ ದೇಶದಲ್ಲಿ ಸಭ್ಯತೆ ಸತ್ತಿತೆಂದು ಕೂಡಿಯೇ ಅತ್ತುಕೊಳ್ಳುತ್ತಿದ್ದರು. ಪೆಲ್ಟನ್ನಿನವರು ಅದನ್ನು ನೋಡಿ, ಸದ್ಯ ನಾವು ಹಾಗಿಲ್ಲವಲ್ಲ ಎಂದು ಟೀವಿ ಆರಿಸಿ ಮಲಗುತ್ತಿದ್ದರು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಷೆರಿಫನ ಪೇದೆಯೊಬ್ಬ ಹಿಂದಿನ ದೀಪ ಉರಿಯದ ಒಂದು ಕಾರನ್ನು ನಿಲ್ಲಿಸಿದ. ಓಡಿಸುತ್ತಿದ್ದವನಿಗೆ ದೀಪದ ವಿಚಾರ ಹೇಳಿದ; ಪಕ್ಕದಲ್ಲಿ ಸುಮ್ಮನೆ ಕೂತಿದ್ದ, ಹಾಲು ಕರೆಯುವ ಕೆಲಸದವನ ಬಳಿ ಕಾಗದ ಕೇಳಿದ; ಗಡಿ ಪೊಲೀಸರಿಗೆ ಫೋನು ಮಾಡಿದ. ಆ ಕೆಲಸದವನು ಈಗ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಕಾರಿನ ದೀಪ ಮಾತ್ರ ರಿಪೇರಿಯಾಯಿತು. ಅಂದಿನಿಂದ ಅನ್ಸೆಲ್ಮೊ ವಿನ್ನಿಯ ಬೇಲಿ ದಾಟಿಲ್ಲ.

ಅಂಥ ಹೊತ್ತಿನಲ್ಲೇ ಅವನ ದವಡೆ ಹಲ್ಲು ಕೆಟ್ಟಿತು.

ಮೊದಲು ಲವಂಗದ ಎಣ್ಣೆ, ಆಮೇಲೆ ಉಪ್ಪುನೀರು, ಆಮೇಲೆ ಫ್ರೀಜರಿನ ಬಟಾಣಿ ಪೊಟ್ಟಣವನ್ನು ಕೆನ್ನೆಗೆ ಕಟ್ಟಿಕೊಂಡು ಹಾಲು ಕರೆಯುವುದು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತು. ಹಸುಗಳು ತನ್ನ ಗುರುತು ಹಿಡಿಯುತ್ತಿಲ್ಲ ಎಂದು ಅನ್ಸೆಲ್ಮೊ ದೂರು ಹೇಳಿದ.

“ಬೇರೆ ಯಾರೋ ಬಂದಿದ್ದಾನೆ ಅಂತ ಹಾಲು ಮೇಲಕ್ಕೆ ಎಳ್ಕೋತಾವೆ, ದೋನ್ಯಾ.” ಯಜಮಾನಿಗೆ ಅವನ ಭಾಷೆಯಲ್ಲಿ ದೋನ್ಯಾ.

“ಊರಿನ ಗಾಳಿ ಅವಕ್ಕೂ ತಾಗಿದೆ ಕಣೋ. ನಾಳೆ ಕಾಗದ ಕೇಳ್ತಾವೆ ನೋಡ್ತಿರು,” ಎಂದಳು ವಿನ್ನಿ. ಅವನು ನಗಲು ಹೋಗಿ ಕೆನ್ನೆ ಹಿಡಿದುಕೊಂಡು ಕೂತ. ಆ ದಿನವೇ ಜ್ವರ ಬಂತು.

ವಿನ್ನಿ ಗಾಡಿ ಹತ್ತಿ ನೇರ ಅಣ್ಣನ ಮನೆಗೆ ಹೋದಳು. ಎಲ್ವಿನ್ ಅಡುಗೆಮನೆಯ ಮೇಜಿನ ಮೇಲೆ ಸಭಾ ನಿಯಮಗಳ ಪುಸ್ತಕ ಹರಡಿಕೊಂಡು ಟೀ ಕುಡಿಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಒಳಗೆ ಕೀವು ತುಂಬಿದೆ, ಕೀಳಲೇಬೇಕು, ತಡವಾದರೆ ರಕ್ತಕ್ಕೆ ಇಳಿಯುತ್ತದೆ ಎಂದೂ ತಾನಾಗಿಯೇ ಹೇಳಿದ. ಹಾಗಾದರೆ ಬಾ ಎಂದಳು. ಎಲ್ವಿನ್ ಟೀ ಬಟ್ಟಲನ್ನು ತಟ್ಟೆಯ ಸರಿಯಾದ ನಡುವಿಗೆ ಇಟ್ಟ. ಲೈಸೆನ್ಸ್ ಬಿಟ್ಟುಕೊಟ್ಟಾಗಿದೆ, ಈಗ ತಾನು ಬೇರೆಯವರ ಬಾಯಿಗೆ ಕೈ ಹಾಕುವುದು ಕಾನೂನಿಗೆ ವಿರುದ್ಧ ಎಂದ.

“ಮಂಗಳವಾರ ಸಭೆ ಇದೆಯಲ್ಲ ವಿನ್. ಗೊತ್ತುವಳಿ ಬರ್ತಿದೆ. ಪಾಸಾದರೆ ನಮ್ಮೂರಿನ ದಾರೀಲಿ ಪೇದೆಗಳು ಯಾರಿಗೂ ಕಾಗದ ಕೇಳೋ ಹಾಗಿಲ್ಲ. ಬುಧವಾರ ಧೈರ್ಯವಾಗಿ ಕ್ಲಿನಿಕ್ಕಿಗೆ ಕರ್ಕೊಂಡು ಹೋಗು.”

“ಹಲ್ಲು ಮಂಗಳವಾರದ ತನಕ ಕಾಯುತ್ತಾ?”

“ಮಾತ್ರೆ ಕೊಡ್ತೀನಿ. ಆದರೆ ಒಂದು ಹೇಳ್ತೀನಿ ಕೇಳು. ಜನಕ್ಕೆ ಒಳ್ಳೇದು ಮಾಡೋ ಮನಸ್ಸಿದೆ. ನೀನು ಎದ್ದು ಯಾರನ್ನಾದರೂ ಬಯ್ದೆಯೋ, ಬಿತ್ತು.”

ವಿನ್ನಿ ನಾಲಿಗೆಯ ತುದಿಗೆ ಬಂದದ್ದನ್ನು ಅಂದು ಮೊದಲ ಸಲ ನುಂಗಿದಳು. ಹಲ್ಲುನೋವು ಅವನಿಗೆ, ಹಲ್ಲು ಕಚ್ಚಿಕೊಂಡಿರುವುದು ತಾನು ಎಂದುಕೊಂಡು ಮಾತ್ರೆ ತೆಗೆದುಕೊಂಡು ಬಂದಳು.

ಮಂಗಳವಾರ ಸಭಾಂಗಣ ತುಂಬಿತ್ತು. ಹಿಮ ಕರಗಿ ಎಲ್ಲರ ಬೂಟಿಗೂ ಕೆಸರು. ಹಿಂದಿನ ಸಾಲಿನಲ್ಲಿ ಹೆಂಗಸರು ಹೆಣಿಗೆಯ ಕಡ್ಡಿ ಹಿಡಿದಿದ್ದರು. ಅಡುಗೆಕೋಣೆಯಿಂದ ಹಂದಿಮಾಂಸ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜದ ವಾಸನೆ ಬರುತ್ತಿತ್ತು. ಶಾಲೆಯ ಬಾಯ್ಲರಿಗೆ, ಅಗ್ನಿಶಾಮಕ ವಾಹನದ ಟೈರಿಗೆ ಒಪ್ಪಿಗೆ ಸಿಕ್ಕಿತು. ಹೊಸ ಟೈರುಗಳ ಮೇಲೆ ಒಂದು ಗಂಟೆ ಚರ್ಚೆಯಾಯಿತು. ಆಮೇಲೆ ಎಲ್ವಿನ್ ಗಂಟಲು ಸರಿಪಡಿಸಿಕೊಂಡು ವಲಸೆಯ ಗೊತ್ತುವಳಿ ಓದಿದ. ಹೆಣಿಗೆಯ ಕಡ್ಡಿಗಳ ಟಿಕ್ ಟಿಕ್ ಜೋರಾಯಿತು.

ಮೊದಲು ಎದ್ದವನು ಊರ ಮಂಡಳಿಯ ಅಧ್ಯಕ್ಷ ಥರ್ಸ್ಟನ್ ಬೇಲಿ. ನಮ್ಮ ಕನ್ನಡದ ಕಿವಿಗೆ ಹೆಸರಿಗೆ ತಕ್ಕ ಮನುಷ್ಯ. ಆದರೆ ಮುಳ್ಳುಬೇಲಿಯಲ್ಲ, ಮುಳ್ಳು ಕಾಣದ ಹಾಗೆ ಹೂಬಳ್ಳಿ ಹಬ್ಬಿಸಿದ ಬೇಲಿ. ಯಾರ ಮೇಲೂ ತನಗೆ ದ್ವೇಷವಿಲ್ಲ ಎಂದು ಶುರು ಮಾಡಿದ. ದುಡಿಯುವ ಜನರ ಮೇಲೆ ಅಪಾರ ಗೌರವ ಎಂದ. ತನ್ನ ಮುತ್ತಜ್ಜನೂ ಕ್ವಿಬೆಕ್ಕಿನಿಂದ ಕಾಡು ದಾಟಿ ಬಂದವನೇ ಎಂದು ಕಣ್ಣು ಒರೆಸಿಕೊಂಡ. ಆದರೆ ಕಾನೂನು ಕಾನೂನೇ ಎಂದ. ಆ ‘ಆದರೆ’ಗೆ ಬಂದು ಸೇರಲು ಅವನಿಗೆ ಅಷ್ಟೆಲ್ಲ ಗೌರವ ಖರ್ಚಾಗಿತ್ತು. ಮುತ್ತಜ್ಜನ ಬಳಿ ಯಾವ ಕಾಗದ ಇತ್ತೆಂದು ಕೇಳಲು ಯಾರೂ ಏಳಲಿಲ್ಲ. ಸತ್ತವರನ್ನು ಕೇಳುವುದು ಸಭ್ಯತೆಯಲ್ಲ. ಇನ್ನೂ ನಾಲ್ಕೈದು ಮಂದಿ ಎದ್ದು, ಇದೇ ಮಾತನ್ನು ಇನ್ನಷ್ಟು ಬೆಣ್ಣೆ ಹಚ್ಚಿ ಹೇಳಿ ಕೂತರು. ಟೀವಿಯವರು ಬಯ್ದು ಮಾಡುತ್ತಿದ್ದ ಕೆಲಸವನ್ನು ಇವರು ಬಯ್ಯದೆ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಗೊತ್ತುವಳಿಯ ಪರವಾಗಿ ಮಾತಾಡಿದವಳು ಮೆರಿಡಿತ್ ಆಸ್‌ಗುಡ್. ಪಟ್ಟಣದಿಂದ ಬಂದು ಹಳೆಯ ಗಿರಣಿಯನ್ನು ಕೊಂಡು ಅದರಲ್ಲಿ ಮಡಕೆ ಮಾಡುವವಳು. ಅವಳ ಅಂಗಳದಲ್ಲಿ ಏಳೆಂಟು ಭಾಷೆಯಲ್ಲಿ ಎಲ್ಲರಿಗೂ ಸ್ವಾಗತ ಎಂಬ ಹಲಗೆ ಇದೆ. ಗೇಟಿಗೆ ಬೀಗವೂ ಇದೆ. ಮನಸ್ಸು ಮಾತ್ರ ಸುಳ್ಳಲ್ಲ. ಬೇಲಿಯ ಮಾತಿನಲ್ಲೂ ಒಂದು ನೋವಿದೆ, ಅದನ್ನು ತಾನು ಆಲಿಸುತ್ತಿದ್ದೇನೆ ಎಂದಳು. ಎದುರಾಳಿಯ ನೋವನ್ನು ಆಲಿಸುವುದರಲ್ಲಿ ಅವಳ ಹೊತ್ತೆಲ್ಲ ಕಳೆದು, ತನ್ನ ಕಡೆಯ ಮಾತಿಗೆ ಜಾಗ ಉಳಿಯಲಿಲ್ಲ.

ವಿನ್ನಿ ಕುರ್ಚಿಯ ಅಂಚು ಹಿಡಿದು ಕೂತಿದ್ದಳು. ಅಣ್ಣ ಅವಳನ್ನು ನೋಡದೆ ನೋಡುತ್ತಿದ್ದ. ಕೊನೆಗೆ ಅವಳು ಕೈಯೆತ್ತಿದಳು. ಸಭಾಂಗಣದಲ್ಲಿ ಒಂದು ಸಣ್ಣ ನಿಟ್ಟುಸಿರು ಹಾದುಹೋಯಿತು; ಬಾಗಿಲ ಬಳಿ ಒಬ್ಬರು ಆಗಲೇ ಅವಳ ಕೋಟು ಎಲ್ಲಿದೆ ಎಂದು ಹುಡುಕಿದರು.

“ಸಭಾಪತಿಗಳೇ, ತಮ್ಮ ಮೂಲಕ,” ಎಂದಳು ವಿನ್ನಿ, ಹೊಸ ಬೂಟು ಹಾಕಿಕೊಂಡವರ ಹಾಗೆ ಒಂದೊಂದೇ ಮಾತು ಊರುತ್ತ. “ಕಾನೂನು ಅಂದರೆ ನನಗೂ ಗೌರವ. ಈ ಸಭೆಯಲ್ಲಿ ಒಬ್ಬ ಮಹನೀಯರಿದ್ದಾರೆ. ಹೆಸರು ಹೇಳಲ್ಲ, ಹೇಳಬಾರದು ಅಂತ ನಿಯಮ. ಹೋದ ವರ್ಷ ಜನವರೀಲಿ ಅವರ ಹಸುವಿಗೆ ಕರು ಅಡ್ಡ ತಿರುಗಿತ್ತು. ಆವತ್ತು ಅವರು ಕಾನೂನಿಗೆ ಫೋನು ಮಾಡಲಿಲ್ಲ, ನನಗೆ ಮಾಡಿದರು. ಕರು ಬದುಕಿತು. ಈಗ ಚೆನ್ನಾಗಿ ಮೇಯ್ತಿದೆ ಅಂತ ಕೇಳಿದೆ.”

ಎಲ್ಲರೂ ಬೇಲಿಯ ಕಡೆ ನೋಡಬಾರದೆಂದು ಬೇರೆ ಬೇರೆ ಕಡೆ ನೋಡಿದರು. ಆದ್ದರಿಂದ ಬೇಲಿ ಇರುವ ಜಾಗ ಚೆನ್ನಾಗಿ ತಿಳಿಯಿತು.

ಅವಳು ಹಾಗೆಯೇ ಮುಂದುವರಿದಳು. ಇನ್ನೊಬ್ಬ ಮಹನೀಯರ ಕೊಟ್ಟಿಗೆಯ ಮಾಡು, ಮತ್ತೊಬ್ಬ ಮಹಿಳೆಯ ಚರಂಡಿ, ಚರ್ಚಿನ ಮೆಟ್ಟಿಲ ಮೇಲಿನ ಮಂಜುಗಡ್ಡೆ, ಎಲ್ಲವನ್ನೂ ಹೆಸರಿಲ್ಲದೆ, ಮೆಲುದನಿಯಲ್ಲಿ, ‘ತಮ್ಮ ಮೂಲಕ’ ಎಂದು ಸೇರಿಸಿ ಸೇರಿಸಿ ಹೇಳಿದಳು. ನಿಯಮದ ಒಂದು ಕೂದಲೂ ಕೊಂಕಲಿಲ್ಲ. ಎಲ್ವಿನ್ ಸುತ್ತಿಗೆ ಎತ್ತಿ, ಪುಸ್ತಕದಲ್ಲಿ ಕಾರಣ ಸಿಗದೆ ಇಳಿಸಿದ.

“ಕೊನೆಯದಾಗಿ, ಸಭಾಪತಿಗಳ ಮನೆ ಮಾಡಿನ ಹಿಮ ಯಾರು ತೆಗೆದರು ಅಂತ ನಾನು ಕೇಳಲ್ಲ. ಸಭಾಪತಿಗಳು ತಟಸ್ಥರು. ಹಿಮ ತಾನಾಗಿಯೇ ಇಳಿದಿರಬೇಕು.”

ಇಡೀ ಸಭೆ ನಕ್ಕಿತು. ಬಚ್ಚಿಡಲಾಗದೆ ಬಂದ ನಗು. ಹೆಣಿಗೆಯ ಹೆಂಗಸೊಬ್ಬಳಂತೂ ಕುಣಿಕೆ ತಪ್ಪಿ ಮೂರು ಸಾಲು ಬಿಚ್ಚಬೇಕಾಯಿತು. ವಿನ್ನಿ ಕೂತಾಗ ಸುತ್ತಲಿನ ಕೆಲವರು ಅವಳ ಭುಜ ತಟ್ಟಿದರು. ಎಲ್ಲರ ಮುಖ ಕೆಂಪಾಗಿತ್ತು, ಆದರೆ ಒಳ್ಳೆಯ ಕೆಂಪು. ಆ ಕ್ಷಣದಲ್ಲಿ ‘ಹೌದೆನ್ನುವವರು ಹೇಳಿ’ ಎಂದು ಎಲ್ವಿನ್ ಕೇಳಿದ್ದರೆ ಮಾಡು ಹಾರುವಂತೆ ಹೌದು ಕೇಳುತ್ತಿತ್ತು. ನೆರೆಯವರ ಕಿವಿಯಲ್ಲಿ ‘ಇಲ್ಲ’ ಎಂದು ಕೂಗುವಷ್ಟು ಧೈರ್ಯ ಪೆಲ್ಟನ್ನಿನಲ್ಲಿ ಯಾರಿಗೂ ಇರಲಿಲ್ಲ. ಎಲ್ವಿನ್ ಬಾಯಿ ತೆರೆದೂ ಆಗಿತ್ತು.

ಆಗ ಮೆರಿಡಿತ್ ಎದ್ದಳು.

ಈಗ ಆಡಿದ ಮಾತಿನಿಂದ ಕೆಲವು ನೆರೆಹೊರೆಯವರಿಗೆ ಮುಜುಗರವಾಗಿರಬಹುದು ಎಂದಳು. ಯಾರೂ ಒತ್ತಡಕ್ಕೆ ಸಿಕ್ಕಿ ಮತ ಹಾಕಬಾರದು, ಎಲ್ಲರಿಗೂ ಹಾಯೆನಿಸಬೇಕು, ಆದ್ದರಿಂದ ಚೀಟಿ ಹಾಕೋಣ ಎಂದಳು. ಹೇಳುವಾಗ ಅವಳ ಕಣ್ಣಿನಲ್ಲಿ ಕರುಣೆ ಕೆನೆಗಟ್ಟಿತ್ತು.

ಕೂಗಿ ಹಾಕುವ ಮತವನ್ನು ಗುಪ್ತ ಚೀಟಿಗೆ ತಿರುಗಿಸಲು ಏಳು ಮಂದಿ ಎದ್ದು ಕೇಳಬೇಕು. ಏಳಲು ಬೇಕಾದವರು ಏಳು; ಎದ್ದವರು ಅರ್ಧ ಸಭೆ. ಅಷ್ಟು ಬೇಗ ಪೆಲ್ಟನ್ನಿನವರು ಊಟದ ಗಂಟೆಗೂ ಎದ್ದದ್ದಿಲ್ಲ. ಥರ್ಸ್ಟನ್ ಬೇಲಿ ಮೆರಿಡಿತ್‌ಗೆ ತಲೆಬಾಗಿ ವಂದಿಸಿ, ಇಂಥ ಸೂಕ್ಷ್ಮ ಮನಸ್ಸಿನವರು ಊರಿಗೆ ಬಂದದ್ದು ಭಾಗ್ಯ ಎಂದು ಸಭಾಪತಿಯ ಮೂಲಕ ತಿಳಿಸಿದ.

ಸಾಲು ನಿಂತಿತು. ಒಬ್ಬರಿಗೊಬ್ಬರು ಮೊದಲು ನೀವು, ಇಲ್ಲ ಮೊದಲು ನೀವು ಎಂದು ದಾರಿ ಬಿಟ್ಟುಕೊಂಡರು. ಚೀಟಿ ಮಡಿಸಿ ಮರದ ಪೆಟ್ಟಿಗೆಗೆ ಹಾಕಿ, ವಿನ್ನಿಯ ಮುಂದೆ ಹಾದುಹೋಗುವಾಗ ಅವಳ ಕೈ ಅದುಮಿದರು. ಚೆನ್ನಾಗಿ ಮಾತಾಡಿದೆ, ವಿನ್ನಿ. ಕಣ್ಣು ತೆರೆಸಿದೆ, ವಿನ್ನಿ. ಕೈ ಅದುಮಿದವರನ್ನೆಲ್ಲ ಕೂಡಿದ್ದರೆ ಗೊತ್ತುವಳಿ ಎರಡು ಸಲ ಪಾಸಾಗಬೇಕಿತ್ತು. ಚೀಟಿ ಎಣಿಸಿದಾಗ ಹೌದು ಎಂಬವು ಅರವತ್ತಮೂರು, ಇಲ್ಲ ಎಂಬವು ತೊಂಬತ್ತೊಂದು. ಕಾಗದ ಇಲ್ಲದವನ ಹಣೆಬರಹ ಕಾಗದದ ಚೂರಿನಲ್ಲಿ ತೀರ್ಮಾನವಾಯಿತು. ಎಲ್ವಿನ್ ಫಲಿತಾಂಶ ಓದಿ, ಇಷ್ಟು ಕಷ್ಟದ ವಿಷಯವನ್ನು ಇಷ್ಟು ಸಭ್ಯವಾಗಿ ನಡೆಸಿಕೊಟ್ಟದ್ದಕ್ಕೆ ಸಭೆಗೆ ವಂದನೆ ಹೇಳಿದ. ಸಭೆ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಿತು. ಅಡುಗೆಕೋಣೆಯಿಂದ ಊಟ ಬಡಿಸುವ ಸದ್ದು ಬಂತು.

ವಿನ್ನಿ ಎದ್ದು ನಿಂತಳು.

“ಸಭಾಪತಿಗಳೇ, ತಮ್ಮ ಮೂಲಕ ಇವರಿಗೆಲ್ಲ ಒಂದು ಮಾತು. ಹೇಡಿಗಳು.”

ಚಪ್ಪಾಳೆ ನಿಂತಿತು. ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಎಲ್ವಿನ್ ಸುತ್ತಿಗೆ ಬಡಿದ.

“ತಗೊಂಡೆ,” ಎಂದಳು ವಿನ್ನಿ. “ತಪ್ಪಾಯ್ತು. ಹೇಡಿಗೆ ಯಾವುದಾದರೂ ಭಯ ಇರುತ್ತೆ. ಇವರಿಗೆ ಯಾರ ಭಯ?”

ಯಾರಾದರೂ ಬಂದು ತೊಡಿಸುವ ಮೊದಲೇ ಕೋಟನ್ನು ಕೈಯಲ್ಲಿ ಹಿಡಿದು ಹೊರಗೆ ನಡೆದಳು. ಅವಳ ಹಿಂದೆಯೇ ಕೆಸರಿನಲ್ಲಿ ಪಚಪಚ ಓಡಿ ಬಂದವಳು ಮೆರಿಡಿತ್. ಅವಳು ನಿಜವಾಗಿಯೂ ಅಳುತ್ತಿದ್ದಳು. ಜನ ಹೀಗೆ ಮಾಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ, ಯಾರ ಮನಸ್ಸೂ ನೋಯಬಾರದು ಎಂಬುದಷ್ಟೇ ತನ್ನ ಆಸೆ ಎಂದು ಬಿಕ್ಕಿದಳು. ವಿನ್ನಿ ಗಾಡಿಯ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು ನಿಂತಳು.

“ನಿನ್ನ ಮನಸ್ಸು ತುಂಬಾ ಒಳ್ಳೇದು ಮೆರಿಡಿತ್. ಮುಂದಿನ ಸಲ ಸಭೆಗೆ ಬರುವಾಗ ಅದನ್ನ ಮನೇಲೇ ಇಟ್ಟು ಬಾ.”

ಮನೆಗೆ ಬಂದಾಗ ಅನ್ಸೆಲ್ಮೊ ಹಾಲಿನ ಕೋಣೆಯ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದ. ಏನಾಯಿತೆಂದು ಕೇಳಲಿಲ್ಲ, ಅವಳ ನಡಿಗೆಯಲ್ಲೇ ಓದಿಕೊಂಡ. ಮಾತ್ರೆ ಮುಗಿದಿತ್ತು. ಊತ ಕುತ್ತಿಗೆಗೆ ಇಳಿದಿತ್ತು. ಆಗಲಿ, ಯಾರಾದರೂ ಕೇಳಿದರೆ ಕೇಳಲಿ, ಕ್ಲಿನಿಕ್ಕಿಗೆ ಹೋಗಿಯೇ ಬಿಡೋಣ ಎಂದಳು. ಅವನು ಬೇಡವೆಂದು ತಲೆಯಾಡಿಸಿದ. ಹಲ್ಲುನೋವಾದರೆ ಒಂದು ದಿನ ನಿಲ್ಲುತ್ತದೆ, ಪೊಲೀಸರು ಹಿಡಿದುಕೊಂಡು ಹೋದರೆ ತನ್ನ ಊರಿನಲ್ಲಿ ತಾನು ಕಳಿಸುವ ಹಣವನ್ನೇ ನಂಬಿ ಓದುತ್ತಿರುವ ಮಗಳ ಓದು ನಿಲ್ಲುತ್ತದೆ ಎಂದು, ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳಿದ. ವಿನ್ನಿಗೆ ಬಯ್ಯಲು ಯಾರೂ ಸಿಗಲಿಲ್ಲ. ಹಾಲಿನ ಕ್ಯಾನನ್ನು ಒದ್ದಳು.

ಸಂಜೆಯ ಹಾಲು ಕರೆಯುವ ಹೊತ್ತಿಗೆ ಎಲ್ವಿನ್ ಬಂದ. ಸಭೆಯ ಟೈ ಇನ್ನೂ ಕತ್ತಿನಲ್ಲಿತ್ತು. ಅವನು ಹಾಲಿನ ಕೋಣೆಯ ಬಾಗಿಲಲ್ಲೇ ನಿಂತು, ಅನ್ಸೆಲ್ಮೊನ ಕಡೆ ಒಮ್ಮೆ ನೋಡಿ, ಕಣ್ಣು ತೆಗೆದು, ಬಂದ ಕೆಲಸ ಹೇಳಿದ. ನಾಲ್ಕು ಸಾಲಿನ ಒಂದು ಕ್ಷಮಾಪಣೆ ಬರೆದುಕೊಟ್ಟರೆ ಹೇಡಿಗಳು ಎಂಬ ಪದವನ್ನು ಸಭೆಯ ವರದಿಯಿಂದ ತೆಗೆಯಬಹುದಂತೆ. ವಾರಪತ್ರಿಕೆಯವನು ಬಂದಿದ್ದನಂತೆ, ದೇಶಕ್ಕೇ ಮಾದರಿಯಾದ ಚರ್ಚೆ ಎಂದು ಹೊಗಳಿದನಂತೆ, ಆ ಒಂದು ಪದ ಇಲ್ಲದಿದ್ದರೆ ಎಂದೂ ಸೇರಿಸಿದನಂತೆ.

ವಿನ್ನಿ ಪೂರ್ತಿ ಕೇಳಿದಳು. ಆಮೇಲೆ ಅವನ ಹೆಗಲ ಮೇಲಿಂದ ಹೊರಗೆ ನಿಂತಿದ್ದ ಅವನ ಕಾರಿನ ಕಡೆ ನೋಡಿದಳು. ಹಿಂದಿನ ಸೀಟಿನಲ್ಲಿ ಕರಿಯ ಚೀಲ ಇತ್ತು. ಕ್ಲಿನಿಕ್ ಮುಚ್ಚಿದ ದಿನ ಅಟ್ಟಕ್ಕೆ ಹಾಕಿದೆ ಎಂದಿದ್ದ ಚೀಲ.

“ಕ್ಷಮಾಪಣೆ ಬರೆಸೋಕೆ ಅಷ್ಟು ದೊಡ್ಡ ಚೀಲ ಬೇಕಾ, ಎಲ್ವಿ?”

ಎಲ್ವಿನ್ ಟೈ ಮುಟ್ಟಿಕೊಂಡ. ತಂದಿದ್ದೇನೆ ಎಂದರೆ ಮಾಡುತ್ತೇನೆ ಎಂದಲ್ಲ ಎಂದ. ಲೈಸೆನ್ಸಿನ ವಿಚಾರ ಮತ್ತೆ ಎತ್ತಿದ. ಹೊರಗೆ ತಿಳಿದರೆ ಏನು ಗತಿ, ಸಭಾಪತಿಯಾದವನು ಒಂದು ಪಕ್ಷ ವಹಿಸಿದ ಎಂದು ನಾಳೆ ಜನ ಹೇಳುವುದಿಲ್ಲವೇ ಎಂದ. ವಿನ್ನಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

“ಇವತ್ತು ನೀನು ಯಾವ ಕಡೆಗೆ ಚೀಟಿ ಹಾಕಿದೆ ಅಂತ ನಾನು ಕೇಳಲ್ಲ. ಹೇಳಿದರೆ ಆಮೇಲೆ ನಿನ್ನ ಮುಖ ನೋಡೋಕಾಗಲ್ಲವೇನೋ, ನನಗಿರೋನು ಒಬ್ಬನೇ ಅಣ್ಣ. ಹಲ್ಲು ಯಾವ ಕಡೆ ಅಂತ ಮಾತ್ರ ಹೇಳ್ತೀನಿ. ಎಡಗಡೆ, ಕೆಳಗೆ.”

ಒಳಗೆ ಹಸುಗಳು ಹೊತ್ತಾಯಿತೆಂದು ಕೂಗಲು ಶುರು ಮಾಡಿದವು. ಅನ್ಸೆಲ್ಮೊ ಅಭ್ಯಾಸಬಲದಿಂದ ಏಳಲು ಹೋಗಿ, ಗೋಡೆ ಹಿಡಿದು, ಮತ್ತೆ ಕುಸಿದ. ಅದನ್ನು ನೋಡಿದ ಎಲ್ವಿನ್ ಕಾರಿನ ಕಡೆ ನಡೆದ. ಹೊರಟೇ ಹೋದ ಎಂದುಕೊಂಡಳು ವಿನ್ನಿ. ಅವನು ಚೀಲ ಹಿಡಿದು ಬಂದ. ದಾರಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಎರಡು ಕಡೆಯೂ ನೋಡಿ ಬಂದ.

ಕೆಲಸ ಬೇಗ ಮುಗಿಯಲಿಲ್ಲ. ಸೂಜಿ ಚುಚ್ಚಿ ಕೆನ್ನೆ ಜೋಮು ಹಿಡಿಯಲು ಕಾದರು. ವಿನ್ನಿ ಟಾರ್ಚು ಹಿಡಿದಳು. ಹಲ್ಲು ಎರಡು ತುಂಡಾಗಿ ಬಂತು, ಹಿಂದೆಯೇ ಕೀವು. ಅನ್ಸೆಲ್ಮೊ ತನ್ನ ಭಾಷೆಯಲ್ಲಿ ಎಲ್ವಿನ್ನನ ವಂಶದ ಬಗ್ಗೆ, ಅವನ ಊರಿನ ಬಗ್ಗೆ, ಊರಿನವರ ಹಸುಗಳ ಬಗ್ಗೆ, ಬಾಯಿ ತುಂಬ ಹತ್ತಿ ಇದ್ದರೂ ತುಂಬ ಹೊತ್ತು ಮಾತಾಡಿದ. ವಿನ್ನಿಗೆ ಅರ್ಧ ಅರ್ಥವಾಯಿತು; ಒಳ್ಳೆಯ ಶಿಕ್ಷಣ ಸಿಕ್ಕಂತಾಯಿತು. ಎಲ್ವಿನ್ ಒಂದು ಸಲವೂ ತಡೆಯಲಿಲ್ಲ. ಅವನ ಕೈ ಮಾತ್ರ ಹಳೆಯ ಕಾಲದ ಹಾಗೆ ನಡುಗದೆ ಕೆಲಸ ಮಾಡಿತು. ಆ ಕೈಗೆ ಅಭಿಪ್ರಾಯ ಇತ್ತು.

ಕೈ ತೊಳೆದುಕೊಳ್ಳುವಾಗ ಅವನು ಮೆಲ್ಲಗೆ ತಂಗಿಗೆ ಹೇಳಿದ:

“ಯಾರಿಗೂ ಹೇಳಬೇಡ ವಿನ್.”

ಅವಳಿಗೆ ಮೈ ಉರಿಯಿತು. ಇದನ್ನೂ ಮಡಿಸಿ ಪೆಟ್ಟಿಗೆಗೆ ಹಾಕಬೇಕು ಇವನಿಗೆ. ಬದುಕಿನಲ್ಲಿ ಒಂದೇ ಒಂದು ಸಲ ಮನುಷ್ಯನ ಹಾಗೆ ನಡೆದುಕೊಂಡ, ಅದೂ ಊರಿಗೆ ತಿಳಿಯಬಾರದು. ಬೇಲಿಯ ಮುಂದೆ, ವಾರಪತ್ರಿಕೆಯವನ ಮುಂದೆ, ಇಡೀ ಸಭೆಯ ಮುಂದೆ ಹೇಳಿ ಅವನ ತಟಸ್ಥತೆಯ ಹಲ್ಲನ್ನು ಬುಡಸಮೇತ ಕಿತ್ತುಬಿಡಬೇಕು ಎನಿಸಿತು. ಆದರೆ ಬೆಂಚಿನ ಮೇಲೆ ಅನ್ಸೆಲ್ಮೊ ಕಣ್ಣು ಮುಚ್ಚಿ, ವಾರದಲ್ಲಿ ಮೊದಲ ಸಲ ನೋವಿಲ್ಲದೆ ಉಸಿರಾಡುತ್ತಿದ್ದ. ಸುದ್ದಿ ಎದ್ದರೆ ಪೇದೆಯೂ ಏಳುತ್ತಾನೆ. ಹೇಳಲಾರೆ ಎಂದು ಅವಳಿಗೆ ಹೊಳೆಯಿತು. ತನ್ನ ಜನ್ಮದ ಅತ್ಯುತ್ತಮ ಬೈಗುಳವನ್ನು ತಾನೇ ನುಂಗಿಕೊಳ್ಳಬೇಕಾಗಿ ಬಂದದ್ದಕ್ಕೆ ಅಣ್ಣನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಗೋಡೆಯ ಫೋನು ಬಡಿದುಕೊಂಡಿತು. ಥರ್ಸ್ಟನ್ ಬೇಲಿ. ಬೆಳಗಿನ ವಿಚಾರದಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ, ಅವಳು ಬಹಳ ಚೆನ್ನಾಗಿ ಮಾತಾಡಿದಳು ಎಂದ. ಮೇಪಲ್ ಮರಗಳಲ್ಲಿ ರಸ ಇಳಿಯಲು ಶುರುವಾಗಿದೆ ಎಂದ. ಶನಿವಾರ ರಸದ ಕೊಳವೆ ಎಳೆಯಬೇಕು, ನಿಮ್ಮಲ್ಲಿ ಇದ್ದಾನಲ್ಲ, ಅವನನ್ನು ಅರ್ಧ ದಿನ ಕಳಿಸಿದರೆ ಉಪಕಾರವಾಗುತ್ತದೆ ಎಂದ.

“ಇಲ್ಲ ಥರ್ಸ್ಟನ್ ಅವರೇ,” ಎಂದಳು ವಿನ್ನಿ. “ಇನ್ನು ಮೇಲೆ ಆಗೋದಿಲ್ಲ. ಯಾರಿಗೂ ಆಗೋದಿಲ್ಲ. ಕೇಳಿದ್ದಕ್ಕೆ ತುಂಬಾ ಸಂತೋಷ. ಮನೆಯವರಿಗೆ ನನ್ನ ನಮಸ್ಕಾರ ಹೇಳಿ.”

ಫೋನು ಇಟ್ಟಳು. ತಂಗಿಯ ಬಾಯಿಂದ ಅಷ್ಟು ಮೆತ್ತನೆಯ ಮಾತು ಎಂದೂ ಕೇಳಿರದ ಎಲ್ವಿನ್ ಟವೆಲ್ ಹಿಡಿದ ಹಾಗೆಯೇ ಬೆಚ್ಚಿ ನಿಂತಿದ್ದ. ಒಳಗೆ ಹಸುಗಳ ಕೂಗು ಈಗ ಬೈಗುಳಕ್ಕೆ ತಿರುಗಿತ್ತು. ಅನ್ಸೆಲ್ಮೊ ಮತ್ತೆ ಏಳಲು ನೋಡಿದ. ವಿನ್ನಿ ಅವನ ಭುಜ ಒತ್ತಿ ಕೂರಿಸಿ, ಗೂಟದಲ್ಲಿದ್ದ ಅವನ ರಬ್ಬರ್ ಏಪ್ರನ್ ತೆಗೆದು ಅಣ್ಣನ ಎದೆಗೆ ಎಸೆದಳು. ಕೆಚ್ಚಲು ಒರೆಸಲು ಯಾವ ಲೈಸೆನ್ಸೂ ಬೇಕಿಲ್ಲ ಎಂದಳು.

ಎಲ್ವಿನ್ ಟೈ ಬಿಚ್ಚಿ ಜೇಬಿಗೆ ತುರುಕಿ, ಏಪ್ರನ್ನಿನ ದಾರವನ್ನು ಹಿಂದೆ ಕಟ್ಟಿಕೊಳ್ಳಲು ಹೆಣಗುತ್ತ ಕೇಳಿದ:

“ಅವನು ಸುಮ್ಮನಿರಲ್ಲ. ಶುಕ್ರವಾರ ಮತ್ತೆ ಫೋನ್ ಮಾಡ್ತಾನೆ. ಆಗೇನು ಹೇಳ್ತೀಯ?”

“ಕೆಲಸದವನು ಒಬ್ಬ ಇದ್ದಾನೆ, ನಿವೃತ್ತ, ಕಾಗದಪತ್ರ ಎಲ್ಲ ಸರಿಯಾಗಿದೆ, ಶನಿವಾರ ಬಿಡುವಾಗಿದ್ದಾನೆ ಅಂತೀನಿ,” ಎಂದಳು ವಿನ್ನಿ. “ಬಗ್ಗು. ಮೊದಲನೇ ಹಸು ಒದೆಯುತ್ತೆ.”